ಮೀಯುವ ನೀರಿಗೆ ಎಷ್ಟು ಬೆಂಕಿ ಬೇಕು?

ಡಿಸೆಂಬರ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಕರಾವಳಿಯ ಊರು ಭಾವಿಕೇರಿಯಲ್ಲಿ ಯಾವ ತಾರಸಿ ಮನೆಯ ನಲ್ಲಿ ತಿರುಗಿಸಿದರೂ ಮೊದಲು ಬರುವುದು ಬೆಚ್ಚಗಿನ ನೀರು. ಏಪ್ರಿಲ್‌ನಲ್ಲಾದರೆ ಕೈ ಸುಡುತ್ತದೆ. ತಾರಸಿಯ ಮೇಲಿನ ಕಪ್ಪು ಟಾಕಿ ಬೆಳಗಿನಿಂದ ಬಿಸಿಲು ಕುಡಿದಿರುತ್ತದೆ. ಆ ನೀರನ್ನು ಚೆಲ್ಲಿ ತಣ್ಣೀರು ಬರುವ ತನಕ ಕಾಯುತ್ತೇವೆ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಅದೇ ಮನೆಯಲ್ಲಿ ಗೀಸರಿನ ಕೆಂಪು ದೀಪ ಹತ್ತುತ್ತದೆ. ಹಿಂದಿನ ದಿನ ಬೇಡವೆಂದು ಚೆಲ್ಲಿದ ಶಾಖವನ್ನೇ ಈಗ ಕರೆಂಟು ಸುಟ್ಟು ಹೊಸದಾಗಿ ಹುಟ್ಟಿಸುತ್ತಿರುತ್ತೇವೆ.

ಮೀಯುವ ನೀರಿಗೆ ಬೇಕಾದ ಬೆಂಕಿ ತೀರ ಕಡಿಮೆ. ಕರಾವಳಿಯ ಬಾವಿಯ ನೀರು ವರ್ಷವಿಡೀ ಹೆಚ್ಚುಕಡಿಮೆ 27 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 42 ಡಿಗ್ರಿಗೆ ಏರಿದರೆ ಸ್ನಾನಕ್ಕೆ ಹಿತ. 20 ಲೀಟರಿನ ಒಂದು ಬಕೆಟ್ ನೀರನ್ನು ಈ 15 ಡಿಗ್ರಿ ಏರಿಸಲು ಸುಮಾರು 0.35 ಯೂನಿಟ್ ಶಾಖ ಸಾಕು. ಐದು ಜನರ ಮನೆಗೆ ದಿನಕ್ಕೆ ಒಂದೂಮುಕ್ಕಾಲು ಯೂನಿಟ್, ತಿಂಗಳಿಗೆ ಐವತ್ತು ಚಿಲ್ಲರೆ. ಮಳೆಯಿಲ್ಲದ ದಿನಗಳಲ್ಲಿ ಅಂಗಳದ ಒಂದೇ ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ ಸುಮಾರು ಐದು ಯೂನಿಟ್ಟಿನಷ್ಟು ಬಿಸಿಲು ಬೀಳುತ್ತದೆ. ಅದರ ಅರ್ಧ ಕೈಗೆ ಸಿಕ್ಕರೂ ಮನೆಮಂದಿಯೆಲ್ಲ ಮಿಂದು ಇನ್ನೂ ಮಿಗುತ್ತದೆ.

ಕರೆಂಟು ಎಲ್ಲಿಂದ ಬರುತ್ತದೆ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾರವಾರ ತಾಲೂಕಿನ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಅಣುಘಟಕಗಳಿವೆ. ಮೊದಲೆರಡು 2000ದಲ್ಲಿ ವಿದ್ಯುತ್ ಮಾರಾಟಕ್ಕೆ ತೊಡಗಿದವು, ನಾಲ್ಕನೆಯದು 2011ರಲ್ಲಿ. ಅಲ್ಲಿ ಯುರೇನಿಯಂ ಒಡೆದು, ಆ ಶಾಖದಿಂದ ನೀರನ್ನು ಹಬೆಯಾಗಿಸಿ, ಹಬೆಯಿಂದ ಟರ್ಬೈನ್ ತಿರುಗಿಸುತ್ತಾರೆ. ಹುಟ್ಟಿದ ಶಾಖದಲ್ಲಿ ವಿದ್ಯುತ್ತಾಗುವುದು ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಉಳಿದದ್ದು ಕದ್ರಾ ಜಲಾಶಯದ ನೀರಿಗೆ ಹೋಗುತ್ತದೆ. ಹೀಗೆ ಅಣು ಒಡೆದು ಗಳಿಸಿದ, ಮೋಟಾರು ತಿರುಗಿಸಬಲ್ಲ, ಆಸ್ಪತ್ರೆಯ ಯಂತ್ರ ನಡೆಸಬಲ್ಲ ಶಕ್ತಿಯನ್ನು ಕಂಬದಿಂದ ಕಂಬಕ್ಕೆ ತಂತಿಯಲ್ಲಿ ತಂದು, ಕೊನೆಗೆ ಅದರಿಂದ ನೀರನ್ನು 15 ಡಿಗ್ರಿ ಬೆಚ್ಚಗೆ ಮಾಡುತ್ತೇವೆ. ನೀರು ಕಾಯಿಸಿ ಕರೆಂಟು, ಕರೆಂಟಿನಿಂದ ಮತ್ತೆ ನೀರು ಕಾಯಿಸುವುದು. ಹಣದ ಲೆಕ್ಕ ಬದಿಗಿಟ್ಟು ನೋಡಿದರೂ ಇದು ಒಪ್ಪುವ ಮಾತಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಆಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದ ಅಮೂಲ್ಯ ರೆಡ್ಡಿಯವರು ಈ ಪ್ರಶ್ನೆಯನ್ನೇ ಹಿಡಿದು ಕೂತರು. ಜನರಿಗೆ ಎಷ್ಟು ಮೆಗಾವ್ಯಾಟ್ ಬೇಕೆಂದು ಲೆಕ್ಕ ಹಾಕುವ ಮೊದಲು ಅವರಿಗೆ ಯಾವ ಕೆಲಸ ಆಗಬೇಕಾಗಿದೆ ಎಂದು ನೋಡಬೇಕು ಎಂಬುದು ಅವರ ವಾದ. ಕರ್ನಾಟಕಕ್ಕಾಗಿ ಅವರೂ ಅವರ ಜೊತೆಗಾರರೂ 1990ರ ಆಸುಪಾಸಿನಲ್ಲಿ ಮುಂದಿಟ್ಟ ಪರ್ಯಾಯ ವಿದ್ಯುತ್ ಯೋಜನೆಯಲ್ಲಿ ಗೀಸರಿನ ಜಾಗಕ್ಕೆ ಸೌರ ಹೀಟರ್ ತರುವುದೂ ಸೇರಿತ್ತು. ಬೆಂಗಳೂರಿನ ತಾರಸಿಗಳಲ್ಲಿ ಇವತ್ತು ಸಾಲಾಗಿ ಕಾಣುವ ಹೀಟರುಗಳು ಆ ವಾದ ಸುಳ್ಳಲ್ಲವೆಂದು ತೋರಿಸಿವೆ.

ಆದರೆ ಆ ಹೀಟರನ್ನೇ ತಂದು ಭಾವಿಕೇರಿಯ ಎಲ್ಲ ಮನೆಗಳ ಮೇಲೆ ಕೂರಿಸಿ ಎಂದು ನಾನು ಹೇಳಲಾರೆ. ಅದು ನಗರದ ತಾರಸಿಗೆ, ಬೆಳಗಿನ ಸ್ನಾನಕ್ಕೆ, ಸಂಬಳದ ಮನೆಗೆ ಒಗ್ಗುವಂತೆ ಮಾಡಿದ್ದು. ಇಲ್ಲಿ ಹಂಚಿನ ಮಾಡುಗಳು ಇನ್ನೂ ಬೇಕಾದಷ್ಟಿವೆ. ನೂರು ಲೀಟರ್ ನೀರಿನ ಟಾಕಿಯನ್ನು ಹಳೆಯ ಪಕಾಸಿಯ ಮೇಲೆ ಹೊರಿಸುವಂತಿಲ್ಲ. ಮನೆಗಳು ತೆಂಗು, ಮಾವುಗಳ ನೆರಳಲ್ಲಿವೆ. ಮಧ್ಯಾಹ್ನದ ಎರಡು ತಾಸು ನೆರಳು ಬಿದ್ದರೂ ಫಲ ಎದ್ದು ಕಾಣುವಷ್ಟು ಇಳಿಯುತ್ತದೆ. ಗಾಜಿನ ಮೇಲೆ ಒಂದು ಕಾಯಿ ಬಿದ್ದರೆ ಮುಗಿಯಿತು. ಕಡಲ ಗಾಳಿಯ ಉಪ್ಪು ಕಬ್ಬಿಣದ ಸ್ಟ್ಯಾಂಡನ್ನು ನಾಲ್ಕಾರು ಮಳೆಗಾಲದೊಳಗೆ ತಿಂದುಹಾಕುತ್ತದೆ. ಬೇಸಿಗೆಯಲ್ಲಿ ಕೆಲವು ಬಾವಿಗಳ ನೀರು ಸವಳಾಗುತ್ತದೆ, ಅದು ಕೊಳವೆಯೊಳಗೆ ಗಟ್ಟಿ ಪದರ ಕಟ್ಟಿ ದಾರಿ ಮುಚ್ಚುತ್ತದೆ. ಮಾರುವವರು ಹೇಳದಿದ್ದರೂ ಕೊಳ್ಳುವವರು ಇದನ್ನೆಲ್ಲ ಕೇಳಬೇಕು.

ಎಲ್ಲಕ್ಕಿಂತ ದೊಡ್ಡ ತಕರಾರು ಮಳೆಯದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಇದು. ಜೂನ್‌ನಿಂದ ಆಗಸ್ಟ್ ತನಕ, ಬಿಸಿನೀರು ನಿಜಕ್ಕೂ ಬೇಕೆನಿಸುವ ದಿನಗಳಲ್ಲೇ, ಸೂರ್ಯನ ಮುಖ ಕಾಣುವುದಿಲ್ಲ. ಬೇಕಾದಾಗ ಕೈಕೊಡುವ ವಸ್ತು ಯಾಕೆ ಎಂದು ಜನ ಕೇಳುತ್ತಾರೆ. ಗಂಗಾವಳಿ ಹೊಳೆ ದಾಟಿ ಸಾಣಿಕಟ್ಟಾದ ಉಪ್ಪಿನಾಗರಗಳನ್ನು ನೋಡಿದವರಿಗೆ ಇದಕ್ಕೆ ಉತ್ತರ ಗೊತ್ತು. ಅಲ್ಲಿಯ ಕೆಲಸವೆಲ್ಲ ಬಿಸಿಲಿನಿಂದಲೇ ನಡೆಯುತ್ತದೆ. ಮಳೆ ಬಂದರೆ ಆಗರಗಳು ನೀರಡಿಯಾಗುತ್ತವೆ, ಮತ್ತೆ ಬೇಸಿಗೆಯ ತನಕ ಉಪ್ಪಿಲ್ಲ. ಹಾಗೆಂದು ಉಪ್ಪಿನಾಗರ ದಂಡದ ಕಸುಬೆಂದು ಯಾರೂ ಹೇಳಿಲ್ಲ. ಒಣಮೀನು, ಹಪ್ಪಳ, ಸಂಡಿಗೆ ಎಲ್ಲವೂ ಇದೇ ಪಂಚಾಂಗದವು. ಎಂಟು ತಿಂಗಳು ದುಡಿಯುವುದಕ್ಕೆ ಎಂಟು ತಿಂಗಳ ಬೆಲೆ ಕಟ್ಟುವುದು ಕರಾವಳಿಗೆ ಹೊಸದಲ್ಲ. ಹನ್ನೆರಡು ತಿಂಗಳೂ ಒಂದೇ ಯಂತ್ರ ಎಲ್ಲವನ್ನೂ ಮಾಡಬೇಕೆಂಬ ಹಟ ಮಾತ್ರ ಹೊಸದು, ಅದೇ ತುಟ್ಟಿಯದು ಕೂಡ.

ಮಳೆಗಾಲಕ್ಕೆ ಬಚ್ಚಲ ಹಂಡೆ ಇದ್ದೇ ಇದೆ. ಹಿಂಡಲೆಕಾಯಿಯ ಮಾಲೆ ಕಟ್ಟಿ ದೀಪಾವಳಿಗೆ ಪೂಜಿಸುವ ಹಂಡೆಯನ್ನು ಕಿತ್ತುಹಾಕಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಹಂಡೆಯ ಒಲೆಗೆ ಉರುವಲು ಹೊಂದಿಸುವವರು ಯಾರೆಂಬುದನ್ನು ಮರೆಯಬಾರದು. ಗಾಳಿಮರದ ದರಕು ಗುಡಿಸಿ ತರುವವರು, ಮಡಲು ಕಡಿದು ಒಣಗಿಸುವವರು, ಕಾಯಿಸಿಪ್ಪೆ ಕೂಡಿಡುವವರು, ಆಷಾಢದಲ್ಲಿ ಹಸಿ ಸೌದೆ ಊದಿ ಕಣ್ಣು ಕೆಂಪಾಗಿಸಿಕೊಳ್ಳುವವರು ಬಹುತೇಕ ಹೆಂಗಸರೇ. ಬಚ್ಚಲ ಮಾಡಿನ ಕರಿಮಸಿ ಅವರ ಎದೆಯೊಳಗೂ ಅಷ್ಟಿಷ್ಟು ಹೋಗಿರುತ್ತದೆ. ಅಕ್ಟೋಬರ್‌ನಿಂದ ಮೇ ತನಕ ಬಿಸಿಲೇ ನೀರು ಕಾಯಿಸಿದರೆ, ಆ ಎಂಟು ತಿಂಗಳಲ್ಲಿ ಸುಡಬೇಕಿದ್ದ ಸಿಪ್ಪೆ, ಸೌದೆ ಚೆನ್ನಾಗಿ ಒಣಗಿ ಅಟ್ಟದಲ್ಲಿ ಉಳಿಯುತ್ತದೆ. ಮಳೆಗಾಲದ ಬೆಂಕಿಗೆ ಬೇಕಾದದ್ದು ಅದೇ.

ಇನ್ನು ಅಗ್ಗದ ದಾರಿ. ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲಿ ಪೇಟೆಂಟ್ ಪಡೆದ ಮೊದಲ ಸೌರ ಹೀಟರ್ ತೀರ ಸರಳ: ಕಪ್ಪು ಬಣ್ಣ ಬಳಿದ ಲೋಹದ ಟಾಕಿಗಳು, ಅವುಗಳ ಸುತ್ತ ಗಾಜು ಮುಚ್ಚಿದ ಮರದ ಪೆಟ್ಟಿಗೆ. ರಾತ್ರಿ ಅದರ ನೀರು ತಣಿಯುತ್ತಿತ್ತು. 1909ರಲ್ಲಿ ವಿಲಿಯಂ ಬೈಲಿ ಶಾಖ ಹಿಡಿದಿಡುವ ಟಾಕಿಯನ್ನು ಬೇರೆ ಮಾಡಿ, ಬೆಳಗಿನ ಸ್ನಾನಕ್ಕೂ ಬಿಸಿನೀರು ಸಿಗುವಂತೆ ಮಾಡಿದರು. ಇಂದಿನ ಹೀಟರುಗಳೆಲ್ಲ ಬೈಲಿಯವರ ಸಂತತಿ. ಅವುಗಳ ಬೆಲೆಯ ದೊಡ್ಡ ಪಾಲು ಹೋಗುವುದು ಶಾಖವನ್ನು ರಾತ್ರಿಯಿಡೀ ಕಾಯಲು. ಸ್ನಾನವನ್ನೇ ಸಂಜೆಗೆ ತಂದುಕೊಂಡರೆ ಆ ಖರ್ಚು ಬೇಕಾಗಿಲ್ಲ. ಗದ್ದೆಯಿಂದ, ಕಡಲಿನಿಂದ, ಗಾರೆ ಕೆಲಸದಿಂದ ಮನೆಗೆ ಬರುವವರು ಈಗಲೂ ಸಂಜೆಯೇ ಮೀಯುತ್ತಾರೆ. ಮುಂಜಾನೆ ಮಿಂದು ದೇವರ ಕೋಣೆಗೆ ಹೋಗುವವರಿಗೆ ಇದು ಒಗ್ಗದು, ನಿಜ. ಆದರೆ ಮನೆಯ ಮೂವರು ಸಂಜೆ ಮಿಂದರೂ ಬೆಳಗಿನ ಗೀಸರಿಗೆ ಇಬ್ಬರೇ ಉಳಿಯುತ್ತಾರೆ.

ಸಂಜೆಯ ಸ್ನಾನಕ್ಕೆ ತೋಟಕ್ಕೆ ಹಾಕುವ ಕಪ್ಪು ಪೈಪೇ ಸಾಕು. ಒಳಗಿನ ಅಗಲ 25 ಮಿಲಿಮೀಟರ್ ಇರುವ ಪೈಪು ನೂರು ಮೀಟರ್ ಉದ್ದಕ್ಕೆ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಅದನ್ನು ಚಕ್ಕುಲಿಯಂತೆ ಸುತ್ತಿ, ಬಿಸಿಲು ಬೀಳುವ ತಾರಸಿಯಲ್ಲೋ ದನದ ಕೊಟ್ಟಿಗೆಯ ತಗಡಿನ ಮೇಲೋ ಹಾಸಿ, ಒಂದು ತುದಿ ಟಾಕಿಗೆ, ಇನ್ನೊಂದು ಬಚ್ಚಲಿಗೆ ಜೋಡಿಸಬೇಕು. ಟಾಕಿ ಪೈಪಿಗಿಂತ ಎತ್ತರದಲ್ಲಿರಬೇಕು. ಒಳಗಿನ ನೀರು 50 ಡಿಗ್ರಿ ಮುಟ್ಟಿದರೆ ತಣ್ಣೀರು ಬೆರೆಸಿ ಹೆಚ್ಚುಕಡಿಮೆ ನಾಲ್ಕು ಬಕೆಟ್ ಆಗುತ್ತದೆ. ಬೇಸಿಗೆಯಲ್ಲಿ ಇದಕ್ಕೂ ಮೇಲೇರುವುದುಂಟು. ಮಕ್ಕಳಿರುವ ಮನೆಯಲ್ಲಿ ಬಕೆಟ್ಟಿಗೆ ಹಿಡಿದು ಕೈಯದ್ದಿ ನೋಡಿದ ಮೇಲೆಯೇ ಮೈಗೆ ಹೊಯ್ಯಬೇಕು.

ಇಷ್ಟು ಸುಲಭವಾದದ್ದು ಯಾಕೆ ಹಬ್ಬಲಿಲ್ಲ? ಕ್ಯಾಲಿಫೋರ್ನಿಯಾದಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಸೌರ ಹೀಟರುಗಳನ್ನು 1920ರ ದಶಕದಲ್ಲಿ ಅಗ್ಗದ ನೈಸರ್ಗಿಕ ಅನಿಲ ಮೂಲೆಗೆ ತಳ್ಳಿತು. ನಮ್ಮಲ್ಲಿ ಸೌರ ಹೀಟರ್ ಇದ್ದವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಡುವ ಪದ್ಧತಿ ಬಂತು. 2023ರ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ ನಂತರ ಬಿಲ್ಲೇ ಸೊನ್ನೆಯಾದ ಮನೆಗಳಿಗೆ ಆ ರಿಯಾಯಿತಿಯಿಂದ ಆಗಬೇಕಾದ್ದೇನೂ ಇಲ್ಲ. ಬಡವರ ಮನೆಗೆ ಉಚಿತ ಕರೆಂಟು ಬೇಕು, ಅದರ ವಿರುದ್ಧ ನನ್ನ ಮಾತಿಲ್ಲ. ಆದರೆ ಬಳಕೆ ಕಡಿಮೆ ಮಾಡಿದವರಿಗೆ ಏನೂ ದಕ್ಕದ ಏರ್ಪಾಟಿನಲ್ಲಿ ಯಾರು ತಾನೇ ಪೈಪು ಹಾಸಲು ಮಾಡು ಹತ್ತುತ್ತಾರೆ? ಉಳಿಸಿದ ಯೂನಿಟ್ಟಿನ ಒಂದು ಪಾಲು ಹಣವಾಗಿ ಆ ಮನೆಗೇ ಮರಳಬೇಕು. ಸರ್ಕಾರದ ನೆರವಿನಲ್ಲಿ ಕಟ್ಟುವ ಮನೆಗಳ ನಕ್ಷೆಯಲ್ಲೂ ಬಚ್ಚಲಿಗೆ ಬಿಸಿನೀರಿನ ಎರಡನೆಯ ಪೈಪಿನ ಗೆರೆ ಎಳೆದಿರಬೇಕು. ಗೋಡೆ ಏಳುವಾಗಲೇ ಆ ಪೈಪು ಕೂರಿಸಿದರೆ ಖರ್ಚು ಅಲ್ಪ. ಗಿಲಾವು ಆದ ಮೇಲೆ ಗೋಡೆ ಕೊರೆಯಲು ಯಾರೂ ಮನಸ್ಸು ಮಾಡುವುದಿಲ್ಲ.