ಪರಿಮಳಕ್ಕೂ ಪರಿಮಾಣ ಬೇಕು

ಜಿನಪೂಜೆಯ ಅಷ್ಟದ್ರವ್ಯಗಳಲ್ಲಿ ಜಲದ ನಂತರದ ಸ್ಥಾನ ಗಂಧಕ್ಕೆ. ಅದನ್ನು ಅರ್ಪಿಸುವ ಶ್ರಾವಕನು ಸಂಸಾರತಾಪವು ಶಮನವಾಗಲೆಂದು ಪ್ರಾರ್ಥಿಸುತ್ತಾನೆ. 1989ರಲ್ಲಿ ಪ್ಯಾರಿಸ್ಸಿನ ಗೆರ್ಲೇನ್ ಸಂಸ್ಥೆಯು ಶ್ರೀಗಂಧ ಮತ್ತು ಮಲ್ಲಿಗೆ ಪ್ರಧಾನವಾದ ಸುಗಂಧವೊಂದನ್ನು ಮಾರುಕಟ್ಟೆಗೆ ತಂದಿತು. ಅದಕ್ಕಿಟ್ಟ ಹೆಸರು ‘ಸಂಸಾರ’! ಯಾವ ಗಂಧವನ್ನು ನಾವು ಸಂಸಾರದಿಂದ ಬಿಡುಗಡೆ ಬೇಡಿ ಅರ್ಪಿಸುತ್ತೇವೆಯೋ, ಅದೇ ಗಂಧವು ಅಲ್ಲಿ ಭೋಗದ ಆಹ್ವಾನವಾಯಿತು.

ಭೋಗವನ್ನು ಪೂರ್ಣವಾಗಿ ತ್ಯಜಿಸುವುದು ಮುನಿಧರ್ಮ. ಗೃಹಸ್ಥನಿಗೆ ವಿಧಿಸಿರುವುದು ಭೋಗೋಪಭೋಗ ಪರಿಮಾಣವ್ರತ, ಅಂದರೆ ಮಿತಿಯನ್ನು ತಾನೇ ಹಾಕಿಕೊಳ್ಳುವುದು. ಆದರೆ ಎಷ್ಟು ಎಂಬುದರ ಜೊತೆಗೆ ಎಲ್ಲಿಂದ ಎಂದೂ ಕೇಳಿಕೊಳ್ಳಬೇಕು. ಏಕೆಂದರೆ ಹಿಂಸೆಯು ಸ್ವತಃ ಮಾಡಿದ್ದು ಮಾತ್ರವಲ್ಲ. ಮಾಡಿಸಿದ್ದೂ ಅನುಮೋದಿಸಿದ್ದೂ ಹಿಂಸೆಯೇ. ಹಣ ಕೊಟ್ಟು ಕೊಳ್ಳುವವನು ಅನುಮೋದನೆಯಿಂದ ಹೊರಗುಳಿಯಲಾರ.

ಕಸ್ತೂರಿಯನ್ನೇ ನೋಡಿ. ಅದು ಗಂಡು ಕಸ್ತೂರಿಮೃಗದ ಹೊಟ್ಟೆಯಡಿಯ ಗ್ರಂಥಿಯಲ್ಲಿ ಉಂಟಾಗುವ ವಸ್ತು. ಒಂದು ಮೃಗದಿಂದ ದೊರೆಯುವುದು ಸುಮಾರು 25 ಗ್ರಾಂ. ಅಷ್ಟಕ್ಕಾಗಿ ಬೇಟೆಗಾರರು ಉರುಲು ಹೂಡಿದರು. ಉರುಲಿಗೆ ಗಂಡು, ಹೆಣ್ಣು, ಮರಿ ಎಂಬ ಭೇದವಿಲ್ಲ. ಇನ್ನು ಪುನುಗಿಗಾಗಿ ಇಥಿಯೋಪಿಯಾದಲ್ಲಿ ಪುನುಗುಬೆಕ್ಕುಗಳನ್ನು ಇಕ್ಕಟ್ಟಾದ ಪಂಜರಗಳಲ್ಲಿಟ್ಟು, ಗ್ರಂಥಿಯ ಸ್ರಾವವನ್ನು ಮತ್ತೆ ಮತ್ತೆ ಕೆರೆದು ತೆಗೆಯುತ್ತಾರೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ‘ಬಂಧ’ವೂ ಒಂದೆಂಬುದನ್ನು ಇಲ್ಲಿ ನೆನೆಯಬೇಕು.

‘ಅತಿಭಾರಾರೋಪಣ’ ಇನ್ನೊಂದು ಅತಿಚಾರ. ಶಕ್ತಿಮೀರಿದ ಹೊರೆಯನ್ನು ಜೀವಿಯ ಮೇಲೆ ಹೊರಿಸುವುದು. ಹೆಸರಾಂತ ಬ್ರ್ಯಾಂಡ್‌ಗಳಿಗೆ ಮಲ್ಲಿಗೆಯ ಸಾರವನ್ನು ಒದಗಿಸುವ ಈಜಿಪ್ಟಿನ ತೋಟಗಳಲ್ಲಿ ಮಕ್ಕಳು ನಿದ್ದೆಗೆಟ್ಟು ಹೂ ಬಿಡಿಸುತ್ತಿರುವುದನ್ನು 2024ರಲ್ಲಿ ಬಿಬಿಸಿ ವರದಿ ಮಾಡಿತು. ಹೂವಿನಿಂದ ಬಂದದ್ದೆಂಬ ಮಾತ್ರಕ್ಕೆ ಪರಿಮಳವು ನಿರ್ದೋಷವಾಗುವುದಿಲ್ಲ. ನಮ್ಮ ನಾಡಿನ ಶ್ರೀಗಂಧದ ಕಥೆಯೂ ಬೇರೆಯಲ್ಲ. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಮರವನ್ನು ಬುಡಸಹಿತ ಕೀಳುತ್ತಾರೆ. ಚೇಗು ಬಲಿಯಲು ದಶಕಗಳೇ ಬೇಕು. ಕಳ್ಳಸಾಗಣೆಯೂ ಸೇರಿ ಕಾಡಿನ ಗಂಧ ಬರಿದಾಗುತ್ತ ಬಂದಿದೆ.

ಪರಿಗ್ರಹದ ಇನ್ನೊಂದು ಮುಖವೂ ಇದೆ. ಬ್ರಿಟನ್ನಿನ ಬರ್ಬೆರಿ ಸಂಸ್ಥೆಯು 2017-18ರ ಹಣಕಾಸು ವರ್ಷದಲ್ಲಿ ಮಾರಾಟವಾಗದ 2.86 ಕೋಟಿ ಪೌಂಡ್ ಬೆಲೆಯ ಸರಕನ್ನು ನಾಶಪಡಿಸಿತು. ಅದರಲ್ಲಿ ಸುಗಂಧದ್ರವ್ಯಗಳೂ ಇದ್ದವು. ಟೀಕೆ ಎದ್ದ ಮೇಲೆ 2018ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ಕೊಳ್ಳುವವರು ಪ್ರಶ್ನಿಸಿದರೆ ಮಾರುವವರು ಬದಲಾಗುತ್ತಾರೆ. ಇಂದು ಕಸ್ತೂರಿ, ಪುನುಗುಗಳ ಜಾಗವನ್ನು ಬಹುಮಟ್ಟಿಗೆ ಕೃತಕ ದ್ರವ್ಯಗಳು ತುಂಬಿವೆ. ಪ್ರಾಣಿಗಳ ಪಾಲಿಗೆ ಇದು ದೊಡ್ಡ ಉಪಕಾರ. ಆದರೂ ಕೆಲವು ಕೃತಕ ಕಸ್ತೂರಿಗಳು ನೀರಿನಲ್ಲಿ ಬಹುಕಾಲ ಉಳಿದು ಮೀನುಗಳ ದೇಹವನ್ನು ಸೇರುತ್ತವೆ. ನೀರನ್ನು ಸೋಸಿ ಕುಡಿಯುವ ನಮಗೆ ಇದು ಪರರ ವಿಷಯವೆನಿಸಬಾರದು.

ಹಾಗಾದರೆ ಶ್ರಾವಕ-ಶ್ರಾವಿಕೆಯರು ಮಾಡಬೇಕಾದುದೇನು? ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಕಾಲಮಿತಿಯ ನಿಯಮಕ್ಕೆ ಒಳಪಡಿಸಬೇಕಾದ ಭೋಗಗಳನ್ನು ಎಣಿಸುವಾಗ ಭೋಜನ, ವಾಹನಗಳೊಡನೆ ಅಂಗಲೇಪನವನ್ನೂ ಹೂವನ್ನೂ ಸೇರಿಸಿದ್ದಾರೆ. ದಿನಕ್ಕೋ ಪಕ್ಷಕ್ಕೋ ತಿಂಗಳಿಗೋ ನಿಯಮ ಹಿಡಿಯಬಹುದು. ಗಡ್ಡೆಗೆಣಸು ತಿನ್ನದ ಮನೆಯಲ್ಲಿ ಸುಗಂಧದ ಸೀಸೆಯೂ ಅದೇ ಎಚ್ಚರಕ್ಕೆ ಒಳಪಡಲಿ. ಕೊಳ್ಳುವ ಮುನ್ನ, ಇದರಲ್ಲಿ ಪ್ರಾಣಿಜನ್ಯ ವಸ್ತುವಿದೆಯೇ, ಇದನ್ನು ದುಡಿದ ಕೈಗಳಿಗೆ ನ್ಯಾಯ ಸಂದಿದೆಯೇ, ಇದು ನನಗೆ ಬೇಕೇ ಎಂದು ಕೇಳಿಕೊಳ್ಳೋಣ. ಉತ್ತರ ದೊರೆಯದಿದ್ದರೆ ಕೊಳ್ಳದೆ ಬಿಡುವುದೇ ಲೇಸು. ಮನೆಯಲ್ಲಿ ಈಗಾಗಲೇ ಇರುವುದು ಮುಗಿಯುವ ತನಕ ಹೊಸದನ್ನು ತರುವುದಿಲ್ಲವೆಂಬ ಸಣ್ಣ ನಿಯಮದಿಂದಲೇ ಆರಂಭಿಸಬಹುದು.