ಹೌಝಿನಲ್ಲಿ ಹುಳು, ಬಾಯಲ್ಲಿ ವಿಧಿ

ಚಿಕುನ್‌ಗುನ್ಯಾ ಕಾಣಿಸಿಕೊಂಡಾಗಲೆಲ್ಲ ನಮ್ಮ ಮೊಹಲ್ಲಾಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ಎಲ್ಲವೂ ಅಲ್ಲಾಹನ ಇಚ್ಛೆ. ಇನ್ನೊಂದು, ಪಂಚಾಯತಿಯವರು ಹೊಗೆ ಬಿಡಲಿಲ್ಲ. ಮೊದಲನೆಯದು ಸತ್ಯ. ಎರಡನೆಯದೂ ಬಹುಪಾಲು ಸತ್ಯವೇ. ಆದರೆ ಈ ಎರಡು ಸತ್ಯಗಳ ಮರೆಯಲ್ಲಿ ನಿಂತು ಹಿತ್ತಲಿನ ಬ್ಯಾರಲ್ಲಿಗೆ ಮುಚ್ಚಳ ಹಾಕುವ ಸಣ್ಣ ಕೆಲಸದಿಂದ ತಪ್ಪಿಸಿಕೊಳ್ಳುವುದು ಈಮಾನ್ ಅಲ್ಲ, ಸೋಮಾರಿತನ.

2006ನೇ ವರ್ಷವನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಿರಿಯರು ಮರೆತಿರಲಾರರು. 1973ರಲ್ಲಿ ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ತಲೆದೋರಿದ ಈ ರೋಗವು ಆ ಬಳಿಕ ಮೂರು ದಶಕಗಳ ಕಾಲ ದೇಶಕ್ಕೆ ಹೆಚ್ಚುಕಡಿಮೆ ಮರೆತೇ ಹೋಗಿತ್ತು. 2005ರ ಕೊನೆಗೆ ಅದು ಮರಳಿತು. 2006ರಲ್ಲಿ ದೇಶದಾದ್ಯಂತ ದಾಖಲಾದ ಶಂಕಿತ ಪ್ರಕರಣಗಳು ಸುಮಾರು 13.9 ಲಕ್ಷ, ಅವುಗಳಲ್ಲಿ 7.6 ಲಕ್ಷಕ್ಕೂ ಮಿಕ್ಕಿ, ಅಂದರೆ ಅರ್ಧಕ್ಕಿಂತ ಹೆಚ್ಚು, ಕರ್ನಾಟಕದವು. ಹೆಸರು ಕೇಳಿ ಕೋಳಿಯೇ ಕಾರಣವೆಂದು ಭಾವಿಸಿ ಕೋಳಿ ತಿನ್ನುವುದನ್ನು ಬಿಟ್ಟವರೂ ಆಗ ಇದ್ದರು. ಅದು ತಾಂಜಾನಿಯಾದ ಮಕೊಂಡೆ ಜನರ ಮಾತು, ಮೈ ಬಾಗಿಸುವುದು ಎಂದು ಅರ್ಥ.

ಈ ರೋಗದಿಂದ ಯಾರೂ ಸತ್ತಿಲ್ಲವೆಂದು ಸರಕಾರ ಅಂದು ಲೆಕ್ಕ ಕೊಟ್ಟಿತು. ಆದರೆ ಅಹಮದಾಬಾದ್ ನಗರದ ಮರಣ ನೋಂದಣಿಯನ್ನು ಹಿಂದಿನ ವರ್ಷಗಳೊಂದಿಗೆ ಹೋಲಿಸಿದ ಸಂಶೋಧಕರು, 2006ರ ಆಗಸ್ಟ್‌ನಿಂದ ನವೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ನಿರೀಕ್ಷೆಗಿಂತ 2,944 ಸಾವುಗಳು ಹೆಚ್ಚಾಗಿದ್ದವೆಂದು 2008ರಲ್ಲಿ ಪ್ರಕಟಿಸಿದರು. ಒಂದೇ ನಗರದ ಕಥೆ ಇದು. ನಮ್ಮ ಜಿಲ್ಲೆಗಳ ಕಬರಸ್ತಾನಗಳನ್ನೂ ಸ್ಮಶಾನಗಳನ್ನೂ ಹಾಗೆ ಎಣಿಸಿ ನೋಡುವ ಆಸಕ್ತಿ ಯಾರಿಗಿತ್ತು?

ಸಾಯದವರ ಪಾಡೂ ಸುಲಭವಲ್ಲ. ಜ್ವರ ನಾಲ್ಕಾರು ದಿನಗಳಲ್ಲಿ ಇಳಿಯುತ್ತದೆ, ಕೀಲುನೋವು ಮಾತ್ರ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಮಾಲಿ ಮಾಡುವವನ ಮಣಿಕಟ್ಟು, ಹೊಲಿಗೆ ಯಂತ್ರ ತುಳಿಯುವ ತಾಯಿಯ ಪಾದ, ಗ್ಯಾರೇಜ್ ಹುಡುಗನ ಬೆರಳುಗಳು ಹಿಡಿದುಕೊಂಡರೆ ಆ ಮನೆಯ ಒಲೆ ಉರಿಯುವುದು ಹೇಗೆ? ಸಜ್ದಾಕ್ಕೆ ಬಾಗಲಾಗದೆ ಕುರ್ಚಿಯಲ್ಲಿ ನಮಾಝ್ ಮಾಡುವ ನಡುವಯಸ್ಕರನ್ನು ಕಂಡಾಗ ನಮಗೆ ಈ ರೋಗದ ಹೆಸರು ಎಷ್ಟು ನಿಖರವೆಂದು ತಿಳಿಯುತ್ತದೆ. ಇಂಥ ಹೊತ್ತಿನಲ್ಲಿ ಒಂದೇ ಇಂಜೆಕ್ಷನ್ನಿನಲ್ಲಿ ನೋವು ಮಾಯಮಾಡುವ ನಕಲಿ ವೈದ್ಯರಿಗೂ ತಾಯಿತ ಮಾರುವವರಿಗೂ ಸುಗ್ಗಿ. ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ; ವಿಶ್ರಾಂತಿ, ಸಾಕಷ್ಟು ನೀರು, ಪ್ಯಾರಸಿಟಮಾಲ್ ಇಷ್ಟೇ. ಡೆಂಗಿ ಅಲ್ಲವೆಂದು ಖಾತ್ರಿಯಾಗುವ ಮೊದಲು ಇತರ ನೋವಿನ ಮಾತ್ರೆಗಳನ್ನು ನುಂಗುವುದು ರಕ್ತಸ್ರಾವಕ್ಕೆ ದಾರಿಯಾದೀತು. ಅಮೆರಿಕ 2023ರಲ್ಲಿ ಅನುಮತಿಸಿದ ಮೊದಲ ಲಸಿಕೆಯ ಪರವಾನಗಿಯನ್ನು 2025ರಲ್ಲಿ ತಾನೇ ಅಮಾನತಿನಲ್ಲಿಟ್ಟಿತು. ಹಾಗಾಗಿ ಕೊನೆಗೂ ಸೊಳ್ಳೆಯ ವಿಷಯಕ್ಕೇ ಬರಬೇಕಾಗುತ್ತದೆ.

ಈಡಿಸ್ ಎಂಬ ಈ ಸೊಳ್ಳೆ ಚರಂಡಿಯದ್ದಲ್ಲ. ಅದಕ್ಕೆ ನಾವು ಕುಡಿಯಲೆಂದು, ವುಝೂ ಮಾಡಲೆಂದು ಕೂಡಿಟ್ಟ ತಿಳಿನೀರೇ ಬೇಕು. ಹಗಲಿನಲ್ಲಿ ಕಚ್ಚುತ್ತದೆ, ರಾತ್ರಿಯ ಸೊಳ್ಳೆಪರದೆ ಅದಕ್ಕೆ ತಡೆಯಲ್ಲ. ನೀರಿನ ಅಂಚಿಗಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಪಾತ್ರೆ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಸಾಮಾನ್ಯವಾಗಿ ಕೆಲವು ನೂರು ಮೀಟರ್‌ಗಳ ಆಚೆ ಹಾರುವುದಿಲ್ಲ. ಅಂದರೆ ನಮ್ಮನ್ನು ಕಚ್ಚಿದ ಸೊಳ್ಳೆ ಹುಟ್ಟಿದ್ದು ನಮ್ಮದೇ ಓಣಿಯಲ್ಲಿ: ಪಂಕ್ಚರ್ ಅಂಗಡಿಯ ಹಳೆಯ ಟೈರಿನಲ್ಲಿ, ಉರೂಸ್ ಮುಗಿದ ಮೇಲೆ ಬಿದ್ದಿರುವ ಪ್ಲಾಸ್ಟಿಕ್ ಲೋಟದಲ್ಲಿ, ಅಥವಾ ಹೇಳಲು ನಾಚಿಕೆಯಾಗುತ್ತದೆ, ಮಸೀದಿಯ ಹೌಝಿನಲ್ಲಿ.

ರಾತ್ರಿ ಪಾತ್ರೆಗಳನ್ನು ಮುಚ್ಚಿಡಿರಿ, ನೀರಿನ ಚೀಲಗಳ ಬಾಯಿ ಕಟ್ಟಿರಿ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದರು. ಎಷ್ಟು ಜುಮಾ ಖುತ್ಬಾಗಳಲ್ಲಿ ಈ ಬೋಧನೆ ಕೇಳಿಬಂದಿದೆ? ಕೈ ಎಲ್ಲಿ ಕಟ್ಟಬೇಕೆಂಬ ತರ್ಕಕ್ಕೆ ಗಂಟೆಗಟ್ಟಲೆ ಸಮಯವಿರುವ ಮಿಂಬರುಗಳಿಗೆ ನೀರಿನ ಮುಚ್ಚಳ ಸಣ್ಣ ವಿಷಯವಾಗಿಬಿಟ್ಟಿದೆ. ವಿಧಿಯ ಮಾತನಾಡುವವರು ಖಲೀಫಾ ಉಮರ್‌ರನ್ನು(ರ) ನೆನೆಯಲಿ. ಸಿರಿಯಾದಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ತಿಳಿದು ಅವರು ದಾರಿಯಿಂದಲೇ ಮರಳಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡುವಿರಾ ಎಂದು ಅಬೂ ಉಬೈದಾ(ರ) ಕೇಳಿದರು. ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆ ಎಂಬುದು ಉಮರ್‌ರ(ರ) ಉತ್ತರವಾಗಿತ್ತು. ಮಿನಾರಕ್ಕೆ ಬಣ್ಣ ಬಳಿಯಲು ಚಂದಾ ಎತ್ತುವ ಕಮಿಟಿಗಳು ಹೌಝಿನಲ್ಲಿ ಒಂದಿಷ್ಟು ಗಪ್ಪಿ ಮೀನು ಬಿಡಲಾರವೇ?

ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆಯನ್ನು ಗಂಡಸರು ಮನೆಯಲ್ಲಿಲ್ಲ ಎಂದು ಬಾಗಿಲಿನಿಂದಲೇ ಕಳುಹಿಸುವ ಚಾಳಿಯೂ ನಿಲ್ಲಬೇಕು. ಆಕೆಯೂ ಹೆಣ್ಣುಮಗಳು, ಪರ್ದಾ ಇಲ್ಲಿ ನೆಪವಷ್ಟೇ. ಪೌರತ್ವ ದಾಖಲೆಗಳ ಗದ್ದಲದ ಬಳಿಕ ಮನೆ ಸಮೀಕ್ಷೆ ಎಂದೊಡನೆ ನಮ್ಮವರು ಬೆದರುವುದು ನಮಗೆ ಅರ್ಥವಾಗುತ್ತದೆ. ಆ ಭೀತಿ ಬಿತ್ತಿದವರನ್ನು ನಾವು ಕ್ಷಮಿಸಿಲ್ಲ. ಆದರೆ ಆಕೆಯ ಕೈಯಲ್ಲಿರುವುದು ಟಾರ್ಚು.

ಇನ್ನು ಸರಕಾರದ ಮಾತು. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಷ್ಟು ದೊಡ್ಡ ಅಣೆಕಟ್ಟಿದೆ, ಕಾಲುವೆಗಳ ಕೆಳಗೆ ಕಬ್ಬು ನಳನಳಿಸುತ್ತದೆ. ಆದರೆ ಅದೇ ಸೀಮೆಯ ನಾಗನೂರದಂಥ ಊರಿನ ತಾಯಂದಿರು ನಲ್ಲಿ ಯಾವಾಗ ಬಂದೀತೆಂದು ಕಾದು ಕೊಡ, ಹರವಿ, ಬ್ಯಾರಲ್ ತುಂಬಿಡಬೇಕು. ಬೆಳಗಾವಿ ನಗರದ ಕೆಲವು ವಾರ್ಡುಗಳಿಗೆ ಸುಮಾರು ಎರಡು ದಶಕಗಳ ಹಿಂದೆಯೇ ದಿನದ 24 ಗಂಟೆ ನೀರು ಕೊಡಲು ಸಾಧ್ಯವಾದದ್ದು ಸಣ್ಣ ಊರುಗಳಿಗೆ ಏಕೆ ಸಾಧ್ಯವಾಗಬಾರದು? ನೀರು ನಿತ್ಯ ಬಂದರೆ ಯಾರೂ ವಾರದ ನೀರು ಕೂಡಿಡುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದ ರಾಜ್ಯ ಸರಕಾರ, ಸೊಳ್ಳೆ ಬೆಳೆಯಲು ಬಿಟ್ಟ ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ ಗೊತ್ತುಪಡಿಸಿತು. ಹುಳುವಿದ್ದ ಬ್ಯಾರಲ್ಲಿಗೆ ದಂಡ ಕಟ್ಟಲು ನಾವು ಸಿದ್ಧರಿದ್ದೇವೆ. ಆ ಬ್ಯಾರಲ್ ಇಡುವಂತೆ ಮಾಡಿದ ಬತ್ತಿದ ನಲ್ಲಿಗೆ ಯಾರು ದಂಡ ಕಟ್ಟುತ್ತಾರೆಂದು ಮುಂದಿನ ಬಾರಿ ಮತ ಕೇಳಲು ಬರುವವರು ಮೊದಲು ತಿಳಿಸಲಿ.