ಕಲಿಯುವವರ ದುಡಿಮೆಗೆ ಬೆಲೆ ಕಟ್ಟುವವರಾರು?

ಒಬ್ಬ ವ್ಯಕ್ತಿ ಏಕಕಾಲದಲ್ಲಿ ವಿದ್ಯಾರ್ಥಿಯೂ ದುಡಿಮೆಗಾರನೂ ಆಗಿರಬಹುದೇ? ಸರಳವೆಂದು ತೋರುವ ಈ ಪ್ರಶ್ನೆಯನ್ನು ಅಮೆರಿಕದ ವಿಶ್ವವಿದ್ಯಾಲಯಗಳು ಅರ್ಧ ಶತಮಾನಕ್ಕೂ ಮಿಗಿಲಾಗಿ ಚರ್ಚಿಸುತ್ತ ಬಂದಿವೆ. ಅಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಕಿರಿಯರಿಗೆ ಪಾಠ ಹೇಳುತ್ತಾರೆ, ಉತ್ತರಪತ್ರಿಕೆಗಳನ್ನು ತಿದ್ದುತ್ತಾರೆ, ಪ್ರಯೋಗಾಲಯಗಳಲ್ಲಿ ಹಗಲಿರುಳೆನ್ನದೆ ದುಡಿಯುತ್ತಾರೆ. ಇದಕ್ಕೆ ದೊರೆಯುವ ಹಣವು ಕೃಪೆಯಿಂದ ಕೊಟ್ಟ ನೆರವೋ, ಕಾಯಕಕ್ಕೆ ಸಲ್ಲುವ ವೇತನವೋ? ವೇತನವೇ ಆದರೆ, ಅದನ್ನು ಗೊತ್ತುಪಡಿಸುವಲ್ಲಿ ದುಡಿದವರಿಗೂ ಮಾತಿರಬೇಡವೇ?

ಈ ಮಾತಿನ ಹಕ್ಕು ಸುಲಭವಾಗಿ ದೊರೆತುದಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕೇಂದ್ರದಲ್ಲಿ 1966ರಲ್ಲಿ ಹುಟ್ಟಿದ ಬೋಧನಾ ಸಹಾಯಕರ ಸಂಘವು 1970ರಲ್ಲಿ ಮುಷ್ಕರ ಹೂಡಿ ತನ್ನ ಮೊದಲ ಒಪ್ಪಂದವನ್ನು ಪಡೆಯಿತು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿಯಂತೂ ನ್ಯಾಯದ ತಕ್ಕಡಿ ಅತ್ತಿತ್ತ ತೂಗುತ್ತಲೇ ಇತ್ತು. ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯು 2000ದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಇವರನ್ನು ನೌಕರರೆಂದು ಒಪ್ಪಿತು. 2004ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಅಲ್ಲವೆಂದಿತು. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಮತ್ತೆ ಹೌದೆಂದಿತು. ಮಾಡುವ ಕೆಲಸ ಒಂದೇ ಆಗಿದ್ದರೂ ಅದರ ಹೆಸರು ಮಾತ್ರ ಮೂರು ಸಲ ಬದಲಾದುದು ವಿಚಿತ್ರವಲ್ಲವೇ?

ಈ ಚರ್ಚೆಗೆ ದೊಡ್ಡ ನಿದರ್ಶನವಾಗಿ ನಿಲ್ಲುವುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅದರ ಸಾಂತಾ ಕ್ರೂಜ್ ಕೇಂದ್ರದಲ್ಲಿ 2019ರ ಡಿಸೆಂಬರಿನಲ್ಲಿ ಬೋಧನಾ ಸಹಾಯಕರು ಮನೆ ಬಾಡಿಗೆಯ ಭಾರವನ್ನು ತಾಳಲಾರದೆ, ತಿಂಗಳಿಗೆ 1,412 ಡಾಲರ್ ಹೆಚ್ಚುವರಿ ನೀಡಬೇಕೆಂದು ಕೇಳಿ ಅಂಕಪಟ್ಟಿಗಳನ್ನು ತಡೆಹಿಡಿದರು. ಸಂಘದ ಅನುಮತಿಯಿಲ್ಲದೆ ನಡೆದ ಈ ಹೋರಾಟದಲ್ಲಿ 50ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಳ್ಳುವಂತಾಯಿತು. ತಿಂಗಳುಗಳ ತರುವಾಯವಷ್ಟೇ ಅವರಿಗೆ ಮರಳುವ ದಾರಿ ತೆರೆಯಿತು.

ಅದೇ ಅಳಲು 2022ರ ನವೆಂಬರ್ 14ರಂದು ಹತ್ತೂ ಕೇಂದ್ರಗಳಿಗೆ ವ್ಯಾಪಿಸಿತು. ಸಂಶೋಧನಾ ವಿದ್ಯಾರ್ಥಿಗಳು, ಪಿಎಚ್.ಡಿ. ಮುಗಿಸಿದ ಸಂಶೋಧಕರು ಮೊದಲಾದ ಸುಮಾರು 48,000 ಮಂದಿ ಕೆಲಸ ನಿಲ್ಲಿಸಿದರು. ಇವರ ಸಂಘಗಳೆಲ್ಲ ಮೋಟಾರು ಕಾರ್ಖಾನೆಗಳ ಕಾರ್ಮಿಕರು ಕಟ್ಟಿದ ಯುನೈಟೆಡ್ ಆಟೋ ವರ್ಕರ್ಸ್ ಸಂಸ್ಥೆಗೆ ಸೇರಿದವು ಎಂಬುದು ಗಮನಾರ್ಹ. ಯಂತ್ರ ಜೋಡಿಸುವ ಕೈಗೂ ಗ್ರಂಥ ಬಿಡಿಸುವ ಕೈಗೂ ಅನ್ನದ ಚಿಂತೆ ಒಂದೇ ಅಲ್ಲವೇ! ವಿದ್ಯಾರ್ಥಿಗಳು ವರ್ಷಕ್ಕೆ 54,000 ಡಾಲರ್ ಕನಿಷ್ಠ ವೇತನ ಕೇಳಿದರು. ಸ್ಯಾಕ್ರಮೆಂಟೊ ನಗರದ ಅಂದಿನ ಮೇಯರ್ ಡ್ಯಾರೆಲ್ ಸ್ಟೈನ್‌ಬರ್ಗ್ ಮಧ್ಯಸ್ಥಿಕೆ ವಹಿಸಿದ ಬಳಿಕ ಡಿಸೆಂಬರ್ 23ರಂದು ಒಪ್ಪಂದಕ್ಕೆ ಸದಸ್ಯರ ಸಮ್ಮತಿ ದೊರೆಯಿತು. ಬೋಧನಾ ಸಹಾಯಕರ ಅರ್ಧಾವಧಿ ಕೆಲಸದ ಕನಿಷ್ಠ ವೇತನವು ಸುಮಾರು 23,000 ಡಾಲರಿನಿಂದ 2024ರ ವೇಳೆಗೆ 34,000 ಡಾಲರಿಗೆ ಏರಬೇಕೆಂದು ನಿಶ್ಚಯವಾಯಿತು. ಆದರೆ ಬಾಡಿಗೆ ಎಲ್ಲಕ್ಕಿಂತ ಕಾಡುತ್ತಿದ್ದ ಸಾಂತಾ ಕ್ರೂಜ್‌ನಲ್ಲಿ ಹೆಚ್ಚಿನವರು ಇದು ಸಾಲದೆಂದು ವಿರುದ್ಧವಾಗಿ ಮತ ಹಾಕಿದರು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಗುರುಶಿಷ್ಯರ ನಡುವೆ ಒಪ್ಪಂದದ ಕಾಗದ ಬಂದರೆ ವಿದ್ಯೆಯ ಪಾವಿತ್ರ್ಯ ಕೆಡುವುದಿಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಶಿಷ್ಯನ ವಿದ್ಯೆ, ಅನ್ನ, ವಾಸ ಮೂರೂ ಒಬ್ಬನೇ ಪ್ರಾಧ್ಯಾಪಕನ ಅಂಗೈಯಲ್ಲಿದ್ದಾಗ ಆ ಶಿಷ್ಯನು ನಿರ್ಭಯವಾಗಿ ಪ್ರಶ್ನೆ ಕೇಳಬಲ್ಲನೇ? ದೂರದೇಶದಿಂದ ಹೋದವರ ಸ್ಥಿತಿ ಇನ್ನೂ ಸೂಕ್ಷ್ಮ. ಕರ್ನಾಟಕದಿಂದ ಹೋದ ಮಕ್ಕಳೂ ಇವರಲ್ಲಿದ್ದಾರೆ. ವಿದ್ಯಾರ್ಥಿ ವೀಸಾದ ಮೇಲಿರುವವರು ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ಆವರಣದೊಳಗೆ ದುಡಿಯಬಹುದು. ಸಾಲದ ಸಂಬಳಕ್ಕೆ ಹೊರಗೆ ಬೇರೆ ದುಡಿಮೆ ಹುಡುಕುವ ದಾರಿಯೂ ಅವರಿಗೆ ಸುಲಭವಾಗಿ ತೆರೆದಿರುವುದಿಲ್ಲ. ಕೊಲಂಬಿಯಾದ ವಿದ್ಯಾರ್ಥಿಗಳು 2021ರ ನವೆಂಬರಿನಿಂದ 2022ರ ಜನವರಿಯವರೆಗೆ ಮುಷ್ಕರ ನಡೆಸಿದಾಗ ಕೇಳಿದ್ದು ಹಣವನ್ನಷ್ಟೇ ಅಲ್ಲ. ಕಿರುಕುಳದ ದೂರುಗಳನ್ನು ಹೊರಗಿನ ತಟಸ್ಥ ತೀರ್ಪುಗಾರರು ವಿಚಾರಿಸಬೇಕೆಂಬುದೂ ಅವರ ಮುಖ್ಯ ಬೇಡಿಕೆಯಾಗಿತ್ತು. ಇಂತಹ ರಕ್ಷಣೆಯಿಂದ ಗುರುವಿನ ಗೌರವ ಕುಂದುವುದಿಲ್ಲ. ಭಯ ಅಳಿದಲ್ಲಿಯೇ ನಿಜವಾದ ಭಕ್ತಿ ಮೂಡುವುದು.

ಹಾಗೆಂದು ಸಂಘದವರ ಹೆಗಲ ಮೇಲೆ ಹೊಣೆಯಿಲ್ಲವೆಂದಲ್ಲ. ತಡೆಹಿಡಿದ ಅಂಕಗಳ ನೋವು ತಟ್ಟುವುದು ಆಡಳಿತಕ್ಕಿಂತ ಮೊದಲು ಎಳೆಯ ವಿದ್ಯಾರ್ಥಿಗಳಿಗೆ. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ 2024ರಲ್ಲಿ ಸುಮಾರು ಏಳು ತಿಂಗಳ ಮುಷ್ಕರದ ನಂತರ ಒಪ್ಪಂದವಾಯಿತು. ಅದರ ಬೆನ್ನಿಗೇ ಆಡಳಿತವು ವೆಚ್ಚದ ಕಾರಣವನ್ನೂ ಮುಂದಿಟ್ಟು ಮಾನವಿಕ ಮತ್ತು ಸಮಾಜ ವಿಜ್ಞಾನಗಳ ಹಲವು ವಿಭಾಗಗಳಲ್ಲಿ ಮರುವರ್ಷದ ಪಿಎಚ್.ಡಿ. ಪ್ರವೇಶವನ್ನು ನಿಲ್ಲಿಸಿತು. ಒಳಗಿರುವವರ ತಟ್ಟೆ ತುಂಬುವಾಗ ಹೊರಗೆ ನಿಂತವರ ಮುಂದೆ ಬಾಗಿಲು ಮುಚ್ಚಿದರೆ ಅದು ಪೂರ್ಣ ನ್ಯಾಯವಾಗದು. ಆದರೆ ಬಾಗಿಲು ಮುಚ್ಚುವ ಅಧಿಕಾರವಿರುವುದು ಆಡಳಿತಕ್ಕೆ, ಆದ್ದರಿಂದ ಆ ಹೊಣೆಯ ದೊಡ್ಡ ಪಾಲೂ ಅದರದೇ. ಲೆಕ್ಕದ ಪುಸ್ತಕವನ್ನು ಮೊದಲೇ ಮಾತುಕತೆಯ ಮೇಜಿನ ಮೇಲೆ ಬಿಚ್ಚಿಟ್ಟರೆ ಇಬ್ಬರೂ ಕೂಡಿ ಮಾರ್ಗ ಕಾಣಲು ಅವಕಾಶವಿರುತ್ತದೆ.

ಕಲಿಯುವವನೆಂಬ ಕಾರಣದಿಂದ ದುಡಿಮೆಯ ಬೆಲೆ ಕಡಿಮೆಯಾಗಬಾರದು. ದುಡಿಯುವವನೆಂಬ ಕಾರಣದಿಂದ ಕಲಿಕೆಯ ವಿನಯ ಮರೆಯಾಗಬಾರದು. ಕಾಯಕದ ಹಿರಿಮೆಯನ್ನು ಬಾಯಲ್ಲಿ ಕೊಂಡಾಡಿ, ಕಾಯಕ ಮಾಡಿದವರನ್ನು ಮಾತುಕತೆಯಿಂದ ಹೊರಗಿಡುವುದು ನುಡಿಗೂ ನಡೆಗೂ ಹೊಂದದು. ಒಪ್ಪಂದವೆಂಬುದು ಹಗೆಯ ಗುರುತಲ್ಲ. ಕೊಡುವವರೂ ಪಡೆಯುವವರೂ ಸರಿಸಮವಾಗಿ ಕುಳಿತು ಒಬ್ಬರಿಗೊಬ್ಬರು ಕೊಟ್ಟುಕೊಂಡ ಮಾತು. ಆ ಮಾತನ್ನು ಉಳಿಸಿಕೊಳ್ಳುವ ವಿದ್ಯಾಸಂಸ್ಥೆಯು ತನ್ನ ವಿದ್ಯಾರ್ಥಿಗಳಿಗೆ ಪುಸ್ತಕದಲ್ಲಿಲ್ಲದ ಪಾಠವೊಂದನ್ನು ಕಲಿಸುತ್ತದೆ.